ನೌಕರ ಒಂದು ದೇಶದಲ್ಲಿ, ಕಂಪನಿ ಇನ್ನೊಂದರಲ್ಲಿ: ಮೂರು ಕಾನೂನುಗಳು ಬೆಳೆದುಬಂದ ಬಗೆ

ಬೇರೆ ದೇಶದಲ್ಲಿರುವವರನ್ನು ಕೆಲಸಕ್ಕೆ ತೆಗೆದುಕೊಳ್ಳಲು ಹೊರಟ ಕಂಪನಿ ಮೊದಲು ಕೇಳುವುದು 'ಯಾವ ದೇಶದ ಕಾನೂನು ಅನ್ವಯಿಸುತ್ತದೆ?' ಎಂದು. ಇದಕ್ಕೆ ಒಂದೇ ಉತ್ತರ ಇದೆ ಎಂದುಕೊಂಡಲ್ಲಿಂದಲೇ ತೊಂದರೆ ಶುರು. ನೌಕರ ಒಬ್ಬನೇ ಆದರೂ ಅವನ ಮೇಲೆ ಮೂರು ಕಾನೂನುಗಳಿಗೆ ಹಕ್ಕಿದೆ. ರಜೆ, ಕೆಲಸದ ಅವಧಿ, ವಜಾ ಇವು ಕಾರ್ಮಿಕ ಕಾನೂನಿನ ಪಾಲು. ಪಿಂಚಣಿ, ಆರೋಗ್ಯ, ಅಪಘಾತ ಪರಿಹಾರ ಸಾಮಾಜಿಕ ವಿಮೆಯ ಪಾಲು. ಮೂರನೆಯದು ಆದಾಯ ತೆರಿಗೆ. ಮೂರೂ ಹುಟ್ಟಿದ್ದು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಒತ್ತಡಕ್ಕೆ. 'ಇವನು ಯಾವ ದೇಶದ ನೌಕರ?' ಎಂಬುದಕ್ಕೆ ಮೂರೂ ಬೇರೆ ಬೇರೆ ಅಳತೆಗೋಲು ಇಟ್ಟುಕೊಂಡಿವೆ. ಐದು ತಿಂಗಳ ಕೆಲಸಕ್ಕೆ ಗಡಿ ದಾಟಿದವನು ತೆರಿಗೆಗೂ ವಿಮೆಗೂ ತವರಿನವನಾಗಿಯೇ ಉಳಿದು, ಕನಿಷ್ಠ ವೇತನದ ಮಟ್ಟಿಗೆ ಮಾತ್ರ ಹೋದ ದೇಶಕ್ಕೆ ಸೇರಬಹುದು.

ಇವುಗಳಲ್ಲಿ ಗಡಿಯ ಪ್ರಶ್ನೆಯನ್ನು ಬೇಗನೆ ಎದುರಿಸಿದ್ದು ವಿಮೆ. ಜರ್ಮನಿ 1883ರಲ್ಲಿ ಆರೋಗ್ಯ ವಿಮೆ, 1884ರಲ್ಲಿ ಅಪಘಾತ ವಿಮೆ, 1889ರಲ್ಲಿ ವೃದ್ಧಾಪ್ಯ ಪಿಂಚಣಿಯನ್ನು ಕಡ್ಡಾಯ ಮಾಡಿತು. ಸಂಬಳದಿಂದ ಒಂದು ಪಾಲು, ಮಾಲೀಕನಿಂದ ಒಂದು ಪಾಲು ಎಂಬ ಪದ್ಧತಿ ಅಲ್ಲಿಂದ ಬೇರೆಡೆಗೂ ಹಬ್ಬಿತು. ಆದರೆ ವಲಸೆ ಬಂದು ದುಡಿದವನು ಹಣ ಕಟ್ಟಿ, ಊರಿಗೆ ಮರಳಿದ ಮೇಲೆ ಬರಿಗೈಯಾಗುತ್ತಿದ್ದ. ಫ್ರಾನ್ಸ್ ಮತ್ತು ಇಟಲಿ 1904ರ ಏಪ್ರಿಲ್‌ನಲ್ಲಿ ಮಾಡಿಕೊಂಡ ಕಾರ್ಮಿಕ ಒಪ್ಪಂದ ಈ ಅನ್ಯಾಯಕ್ಕೆ ಕೈಹಾಕಿದ ಮೊದಲ ದೊಡ್ಡ ಪ್ರಯತ್ನ. ಇಂದಿನ ಯುರೋಪಿಯನ್ ಒಕ್ಕೂಟದ ಮೂಲವಾದ ಯುರೋಪಿನ ಆರ್ಥಿಕ ಸಮುದಾಯ 1958ರಲ್ಲಿ ಹೊರಡಿಸಿದ ಮೂರನೇ ಸಂಖ್ಯೆಯ ನಿಯಮಾವಳಿ ವಲಸೆ ಕಾರ್ಮಿಕರ ಸಾಮಾಜಿಕ ಭದ್ರತೆಯದ್ದೇ. ಅದು 1971ರಲ್ಲಿ ಬದಲಾಯಿತು. ಈಗ ನಡೆಯುತ್ತಿರುವುದು 2010ರ ಮೇ 1ರಿಂದ ಜಾರಿಯಾದ 883/2004 ಸಂಖ್ಯೆಯ ನಿಯಮಾವಳಿ. ಅಮೆರಿಕ ಇಂಥ ಮೊದಲ ಒಪ್ಪಂದವನ್ನು 1978ರಲ್ಲಿ ಇಟಲಿಯೊಂದಿಗೆ ಜಾರಿಗೆ ತಂದಿತು.

ಈ ಒಪ್ಪಂದಗಳ ತಿರುಳು ಎರಡು ಮಾತಿನಲ್ಲಿದೆ. ಒಬ್ಬ ಮನುಷ್ಯ ಒಂದು ಹೊತ್ತಿಗೆ ಒಂದೇ ದೇಶಕ್ಕೆ ವಿಮೆ ಕಟ್ಟಬೇಕು. ಆ ದೇಶ ಕೆಲಸ ನಡೆಯುವ ದೇಶವೇ ಆಗಿರಬೇಕು. ಮುಖ್ಯ ವಿನಾಯಿತಿ ಅಲ್ಪಕಾಲಕ್ಕೆ ಕಳುಹಿಸಿದವರಿಗೆ, ಅವರು ತವರಿನಲ್ಲೇ ವಿಮೆ ಕಟ್ಟುತ್ತಿರಬಹುದು: ಯುರೋಪಿನೊಳಗೆ 24 ತಿಂಗಳು, ಅಮೆರಿಕದ ಹೆಚ್ಚಿನ ಒಪ್ಪಂದಗಳಲ್ಲಿ 5 ವರ್ಷ. ಅದಕ್ಕೆ ತವರಿನ ವಿಮಾ ಸಂಸ್ಥೆ ಕೊಡುವ ಪ್ರಮಾಣಪತ್ರ ಬೇಕು. ಯುರೋಪಿನಲ್ಲಿ ಅದರ ಹೆಸರು ಎ1. ಎಡವಟ್ಟು ಹೆಚ್ಚಾಗಿ ಎರಡು ಕಡೆ ಆಗುತ್ತದೆ. ಒಬ್ಬನ ಅವಧಿ ಮುಗಿಯಿತೆಂದು ಅದೇ ಜಾಗಕ್ಕೆ ಇನ್ನೊಬ್ಬನನ್ನು ಕಳುಹಿಸಿದರೆ ಎರಡನೆಯವನಿಗೆ ಯುರೋಪಿನಲ್ಲಿ ಈ ವಿನಾಯಿತಿ ಇಲ್ಲ. ಮೊದಲಿನಿಂದ ಅಲ್ಲೇ ವಾಸವಿದ್ದು ಅಲ್ಲೇ ಕೆಲಸಕ್ಕೆ ಸೇರಿದವನನ್ನು 'ಕಳುಹಿಸಿದವನು' ಎಂದು ತೋರಿಸಲೂ ಬರುವುದಿಲ್ಲ. ಎರಡು ದೇಶಗಳ ನಡುವೆ ಒಪ್ಪಂದವೇ ಇಲ್ಲದಿದ್ದರೆ ಎರಡೂ ಕಡೆ ಹಣ ಕಟ್ಟುವ ಪಾಡು ಬರಬಹುದು. ಲೆಕ್ಕ ಹಾಕುವಾಗ ಮೊದಲು ನೋಡಬೇಕಾದದ್ದು ಇದನ್ನೇ.

ಕಾರ್ಮಿಕ ಕಾನೂನು ಬಂದ ದಾರಿ ಬೇರೆ. 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಹುಟ್ಟಿತು. ಅದರ 1949ರ 95ನೇ ಒಡಂಬಡಿಕೆ, ನಗದು ವೇತನವನ್ನು ಚಲಾವಣೆಯಲ್ಲಿರುವ ಅಧಿಕೃತ ಹಣದಲ್ಲೇ ಕೊಡಬೇಕು ಎಂದಿತು. ಡಾಲರ್‌ನಲ್ಲಿ ಸಂಬಳ ಕೊಟ್ಟರೆ ನೌಕರ ಖುಷಿಪಡುತ್ತಾನೆ ಎನ್ನುವ ಕಂಪನಿಗಳು ಗಮನಿಸಬೇಕಾದ ಸಂಗತಿ ಇದು: ಬ್ರೆಜಿಲ್‌ನಂಥ ದೇಶಗಳ ಕಾನೂನಿನಲ್ಲಿ ಸ್ಥಳೀಯ ಹಣದಲ್ಲಿ ಕೊಡದ ಸಂಬಳ ಕೊಟ್ಟಂತೆಯೇ ಅಲ್ಲ.

ಒಪ್ಪಂದಪತ್ರದಲ್ಲಿ 'ಇದಕ್ಕೆ ನಮ್ಮ ದೇಶದ ಕಾನೂನು ಅನ್ವಯ' ಎಂದು ಬರೆದುಬಿಟ್ಟರೆ ಸಾಕು ಎಂಬ ನಂಬಿಕೆ ಇಂದಿಗೂ ಇದೆ. ಯುರೋಪಿನಲ್ಲಿ 1980ರ ರೋಮ್ ಒಡಂಬಡಿಕೆಯೇ ಇದಕ್ಕೆ ಮಿತಿ ಹಾಕಿತ್ತು. 2009ರ ಡಿಸೆಂಬರ್ 17ರಿಂದ ಅದರ ಜಾಗದಲ್ಲಿ ರೋಮ್-1 ನಿಯಮಾವಳಿ ಇದೆ. ಯಾವ ಕಾನೂನನ್ನಾದರೂ ಆರಿಸಿಕೊಳ್ಳಬಹುದು, ಆದರೆ ನೌಕರ ಮಾಮೂಲಾಗಿ ಕೆಲಸ ಮಾಡುವ ದೇಶದ ಕಡ್ಡಾಯ ರಕ್ಷಣೆಯನ್ನು ಅವನಿಂದ ಕಿತ್ತುಕೊಳ್ಳುವಂತಿಲ್ಲ. ಜರ್ಮನಿಯಲ್ಲಿ ಇಮೇಲ್ ಮೂಲಕ ಕಳಿಸಿದ ವಜಾ ಪತ್ರ ಅಸಿಂಧು. ಕಾಗದದ ಮೇಲೆ ಶಾಯಿಯ ಸಹಿ ಇರಬೇಕು. ಫ್ರಾನ್ಸ್‌ನಲ್ಲಿ ಬರವಣಿಗೆಯ ಕೆಲಸದ ಒಪ್ಪಂದ ಫ್ರೆಂಚ್‌ನಲ್ಲಿರಬೇಕು ಎಂಬುದು 1994ರಿಂದಲೂ ಕಾನೂನು. ಪರಭಾಷೆಯ ಮಾದರಿ ಪತ್ರವನ್ನು ಹಾಗೇ ಕಳುಹಿಸಿದರೆ ಅದರಲ್ಲಿ ಕಂಪನಿಗೆ ಅನುಕೂಲವಾದ ಷರತ್ತುಗಳೇ ಮೊದಲು ಬಿದ್ದುಹೋಗುತ್ತವೆ.

ತೆರಿಗೆಯ ವಿಷಯದಲ್ಲಿ ಎಲ್ಲರಿಗೂ ಬಾಯಿಪಾಠವಾಗಿರುವುದು 183 ದಿನದ ನಿಯಮ. ರಾಷ್ಟ್ರಸಂಘ 1928ರಲ್ಲಿ ತಯಾರಿಸಿದ ತೆರಿಗೆ ಒಪ್ಪಂದದ ಮಾದರಿಗಳಿಂದ ಶುರುವಾದ ಕೆಲಸವನ್ನು ಒಇಸಿಡಿ (ಮುಂದುವರಿದ ದೇಶಗಳ ಆರ್ಥಿಕ ಸಹಕಾರ ಸಂಘಟನೆ) 1963 ಮತ್ತು 1977ರ ಮಾದರಿ ಒಪ್ಪಂದಗಳಲ್ಲಿ ಮುಂದುವರಿಸಿತು. ಬೇರೆ ದೇಶಕ್ಕೆ ಹೋಗಿ ದುಡಿದವನ ಸಂಬಳಕ್ಕೆ ಅಲ್ಲಿ ತೆರಿಗೆ ಬೀಳದಿರಲು ಅದರ 15ನೇ ವಿಧಿ ಮೂರು ಷರತ್ತು ಇಡುತ್ತದೆ: ಅಲ್ಲಿದ್ದದ್ದು 183 ದಿನ ಮೀರಬಾರದು, ಸಂಬಳ ಕೊಡುವ ಮಾಲೀಕ ಆ ದೇಶದ ನಿವಾಸಿ ಆಗಿರಬಾರದು, ಸಂಬಳದ ಖರ್ಚು ಆ ದೇಶದಲ್ಲಿ ಕಂಪನಿಗಿರುವ ಕಾಯಂ ನೆಲೆಯ (ಕಂಪನಿಯ ಲಾಭಕ್ಕೆ ಆ ದೇಶ ತೆರಿಗೆ ಹಾಕಲು ಆಧಾರವಾಗುವ, ಶಾಖೆಯಂಥ ನೆಲೆ) ಲೆಕ್ಕಕ್ಕೆ ಹೋಗಿರಬಾರದು. ಮೂರೂ ಒಟ್ಟಿಗೆ ಇರಬೇಕು. ಅಲ್ಲಿನ ಶಾಖೆಯ ಲೆಕ್ಕಕ್ಕೆ ಸಂಬಳ ಬರೆದರೆ ಹತ್ತೇ ದಿನದ ಕೆಲಸಕ್ಕೂ ತೆರಿಗೆ ಬೀಳುತ್ತದೆ. ದಿನಗಳನ್ನು ಎರಡು ವರ್ಷಕ್ಕೆ ಹಂಚಿ ಜಾರಿಕೊಳ್ಳುವವರು ಹೆಚ್ಚಾದ್ದರಿಂದ 1992ರಿಂದ ಮಾದರಿಯಲ್ಲಿ 'ಯಾವುದೇ 12 ತಿಂಗಳ ಅವಧಿ' ಎಂಬ ಅಳತೆ ಬಂತು. ಬಂದ ದಿನ, ಹೋದ ದಿನ, ಶನಿವಾರ, ಭಾನುವಾರ ಎಲ್ಲವೂ ಎಣಿಕೆಗೆ ಸೇರುತ್ತವೆ. ಇಷ್ಟೆಲ್ಲ ಗೊತ್ತಿದ್ದವರೂ ಮರೆಯುವ ಒಂದು ಮಾತಿದೆ: ಈ ನಿಯಮ ಬಂದುಹೋಗುವವರಿಗೆ. ಆ ದೇಶದಲ್ಲೇ ಮನೆ ಮಾಡಿಕೊಂಡಿರುವ ನೌಕರನಿಗೆ ಇದರಿಂದ ಏನೂ ಸಿಗದು. ಅವನ ಸಂಬಳಕ್ಕೆ ಮೊದಲ ದಿನದಿಂದಲೇ ಅಲ್ಲಿ ತೆರಿಗೆ.

ಕಾಯಂ ನೆಲೆಯದು ಇನ್ನೂ ಸೂಕ್ಷ್ಮ. ಮನೆಯಿಂದ ಕೋಡ್ ಬರೆಯುವವನಿಗಿಂತ ಗಿರಾಕಿಗಳ ಜೊತೆ ಬೆಲೆ ಕುದುರಿಸುವ ಒಬ್ಬ ಮಾರಾಟಗಾರ ಕಂಪನಿಗೆ ಹೆಚ್ಚು ಅಪಾಯ ತರುತ್ತಾನೆ. 2017ರ ಮಾದರಿ ಪ್ರಕಾರ ಸಹಿ ಅವನದೇ ಆಗಬೇಕಿಲ್ಲ. ವ್ಯವಹಾರ ಕುದುರುವುದರಲ್ಲಿ ಅವನ ಪಾತ್ರವೇ ಮುಖ್ಯವಾಗಿದ್ದು, ತವರಿನ ಕಚೇರಿ ಅದನ್ನು ಬದಲಿಸದೆ ಮೊಹರು ಒತ್ತುತ್ತಿದ್ದರೆ ಸಾಕು, ಅಲ್ಲಿ ಕಂಪನಿಗೆ ಕಾಯಂ ನೆಲೆ ಇದೆ ಎಂದಾಗಬಹುದು. ಆಗ ಪ್ರಶ್ನೆ ಅವನ ಸಂಬಳದ ತೆರಿಗೆಯಲ್ಲಿ ನಿಲ್ಲುವುದಿಲ್ಲ, ಕಂಪನಿಯ ಲಾಭದ ಒಂದು ಪಾಲಿಗೇ ಆ ದೇಶ ಕೈಚಾಚುತ್ತದೆ.

ಮಾಲೀಕನೇ ಸರ್ಕಾರದ ಪರವಾಗಿ ತೆರಿಗೆ ವಸೂಲಿ ಮಾಡುವ ಪದ್ಧತಿ ವ್ಯಾಪಕವಾದದ್ದು ಎರಡನೇ ಮಹಾಯುದ್ಧದ ಖರ್ಚಿನಿಂದ: ಅಮೆರಿಕದಲ್ಲಿ 1943, ಬ್ರಿಟನ್‌ನಲ್ಲಿ 1944. ಫ್ರಾನ್ಸ್ ಇದಕ್ಕೆ ಬಂದದ್ದು 2019ರಲ್ಲಿ. ಬ್ರಿಟನ್‌ನಲ್ಲಿ 2013ರಿಂದ ಸಂಬಳದ ವಿವರ ಸಂಬಳದ ದಿನವೇ ಅಥವಾ ಅದಕ್ಕೂ ಮೊದಲೇ ಇಲಾಖೆಗೆ ತಲುಪಬೇಕು. ಜರ್ಮನಿಯಲ್ಲಿ ವಿಮೆಯ ಹಣ ಆಯಾ ತಿಂಗಳ ಕೊನೆಯಿಂದ ಮೂರನೇ ಬ್ಯಾಂಕ್ ದಿನಕ್ಕೇ ಬಾಕಿ, ಅಂದರೆ ತಿಂಗಳು ಮುಗಿಯುವ ಮೊದಲೇ ಅಂದಾಜು ಲೆಕ್ಕ ಹಾಕಿ ಕಟ್ಟಬೇಕು. ಸಂಬಳ ಕೊಟ್ಟ ಮೇಲೆ ನೋಂದಣಿ ಮಾಡಿಸೋಣ ಎನ್ನುವವರಿಗೆ ಇಲ್ಲಿ ಜಾಗವಿಲ್ಲ.

ಖರ್ಚಿನ ಅಂದಾಜು ಹೇಗೆ ತಪ್ಪುತ್ತದೆ ಎಂಬುದಕ್ಕೆ ಬ್ರೆಜಿಲ್‌ನ ಒಂದು ಸಂಬಳ ನೋಡಿ. ತಿಂಗಳಿಗೆ 10,000 ರಿಯಲ್ (ಬ್ರೆಜಿಲ್‌ನ ಹಣ) ಎಂದು ಒಪ್ಪಿದರೆ ವರ್ಷಕ್ಕೆ 1,20,000 ಎಂದುಕೊಳ್ಳುತ್ತೇವೆ. 1962ರ ಕಾನೂನಿನ ಪ್ರಕಾರ ಹದಿಮೂರನೇ ಸಂಬಳ 10,000. ಅದರ ಮೊದಲ ಕಂತು ನವೆಂಬರ್ 30ರೊಳಗೆ, ಎರಡನೆಯದು ಡಿಸೆಂಬರ್ 20ರೊಳಗೆ. 30 ದಿನದ ವಾರ್ಷಿಕ ರಜೆಯ ಸಂಬಳದ ಮೇಲೆ ಮೂರನೇ ಒಂದು ಪಾಲು ಹೆಚ್ಚುವರಿ, 3,333. ಒಟ್ಟು 1,33,333. ಇದರ ಮೇಲೆ ನೌಕರನ ಹೆಸರಿನ ಖಾತರಿ ನಿಧಿಗೆ ಶೇ 8, ಅಂದರೆ 10,667. ಸಾಮಾನ್ಯ ದರದ ಕಂಪನಿಯಾದರೆ ಸಾಮಾಜಿಕ ವಿಮೆಗೆ ಮಾಲೀಕನ ಪಾಲು ಶೇ 20, ಅಂದರೆ 26,667. ಸೇರಿಸಿದರೆ 1,70,667. ಅಪಘಾತ ವಿಮೆ ಮತ್ತಿತರ ಸಣ್ಣ ವಂತಿಗೆಗಳು ಇದಕ್ಕೆ ಹೊರತು. ಕಾರಣ ಕೊಡದೆ ತೆಗೆದುಹಾಕಿದರೆ ಖಾತರಿ ನಿಧಿಗೆ ಅದುವರೆಗೆ ಜಮೆಯಾದ ಹಣದ ಶೇ 40ರಷ್ಟು ದಂಡ. ಮೂರು ವರ್ಷದ ನೌಕರನಿಗೆ ಸುಮಾರು 12,800. ಜೊತೆಗೆ ನೋಟಿಸ್ ಅವಧಿ 30 ದಿನಕ್ಕೆ ವರ್ಷಕ್ಕೆ 3 ದಿನದಂತೆ ಬೆಳೆಯುತ್ತದೆ, 90 ದಿನದವರೆಗೆ. ಹದಿಮೂರನೇ ಸಂಬಳ ಫಿಲಿಪ್ಪೀನ್ಸ್‌ನಲ್ಲೂ ಕಡ್ಡಾಯ, ಡಿಸೆಂಬರ್ 24ರೊಳಗೆ. ಆದ್ದರಿಂದ ಸಂಬಳದ ಮಾತುಕತೆಯಲ್ಲಿ ವಾರ್ಷಿಕ ಮೊತ್ತ ಹೇಳುವಾಗ ಅದು 12 ಕಂತೋ 13 ಕಂತೋ ಎಂದು ಮೊದಲೇ ಬಿಡಿಸಿ ಬರೆಯಬೇಕು.

ಇಷ್ಟು ಹೊರೆ ಇರುವಲ್ಲಿ ಅಡ್ಡದಾರಿಗಳು ಹುಟ್ಟಿದ್ದು ಸಹಜ. ಹೆಚ್ಚು ಬಳಕೆಯಲ್ಲಿರುವುದು ನೌಕರನನ್ನು ಸ್ವತಂತ್ರ ಗುತ್ತಿಗೆದಾರ ಎಂದು ಕರೆದು ಬಿಲ್ ತರಿಸಿಕೊಳ್ಳುವುದು. ನ್ಯಾಯಾಲಯಗಳು ಪತ್ರದ ಶೀರ್ಷಿಕೆ ನೋಡುವುದಿಲ್ಲ; ಕೆಲಸದ ವೇಳೆ ಯಾರು ನಿಗದಿ ಮಾಡುತ್ತಾರೆ, ತನ್ನ ಬದಲು ಇನ್ನೊಬ್ಬನನ್ನು ಕಳುಹಿಸಬಹುದೇ, ಬೇರೆ ಗಿರಾಕಿಗಳಿದ್ದಾರೆಯೇ ಎಂದು ನೋಡುತ್ತವೆ. ಉಬರ್ ಚಾಲಕರ ವಿಷಯದಲ್ಲಿ ಬ್ರಿಟನ್‌ನ ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ಇದನ್ನೇ ಮಾಡಿತು. ಜರ್ಮನಿಯಲ್ಲಿ ತಿಂಗಳಿಗೆ 4,000 ಯೂರೋ ಪಡೆಯುತ್ತಿದ್ದವನು ನೌಕರನೇ ಎಂದು ತೀರ್ಮಾನವಾದರೆ ಪಿಂಚಣಿ ವಿಮೆಯೊಂದೇ ಶೇ 18.6ರಂತೆ ತಿಂಗಳಿಗೆ 744 ಯೂರೋ; ನಾಲ್ಕು ವರ್ಷಕ್ಕೆ 35,712. ಇದರಲ್ಲಿ ಅರ್ಧ ನೌಕರನ ಪಾಲು, ನಿಜ. ಆದರೆ ಕಡಿಯದೆ ಬಿಟ್ಟ ಪಾಲನ್ನು ಮುಂದಿನ ಮೂರು ಸಂಬಳಗಳಲ್ಲಿ ಮಾತ್ರ ಹಿಡಿದುಕೊಳ್ಳಲು ಕಾನೂನು ಬಿಡುತ್ತದೆ. ಹಳೆಯದೆಲ್ಲ ಮಾಲೀಕನ ತಲೆಗೇ. ತಡವಾದ ಪ್ರತಿ ತಿಂಗಳಿಗೆ ಶೇ 1 ಹೆಚ್ಚುವರಿ. ಬೇಕೆಂದೇ ಮಾಡಿದ್ದು ಎಂದಾದರೆ ನಾಲ್ಕು ವರ್ಷದ ಮಿತಿ 30 ವರ್ಷಕ್ಕೆ ಏರುತ್ತದೆ, ಕ್ರಿಮಿನಲ್ ಕೇಸೂ ಬರಬಹುದು.

ಎರಡನೆಯ ದಾರಿ, ನೌಕರನನ್ನು ತನ್ನ ಹೆಸರಿನಲ್ಲಿ ನೇಮಿಸಿಕೊಂಡು ಕಂಪನಿಗೆ ಒದಗಿಸುವ ಮಧ್ಯವರ್ತಿ ಸಂಸ್ಥೆ. ಇದು ಸ್ಟಾರ್ಟಪ್‌ಗಳು ಕಂಡುಹಿಡಿದದ್ದಲ್ಲ. ಚೀನಾ ಬಾಗಿಲು ತೆರೆದಾಗ ವಿದೇಶಿ ಕಂಪನಿಗಳ ಪ್ರತಿನಿಧಿ ಕಚೇರಿಗಳು ಸ್ಥಳೀಯರನ್ನು ನೇರವಾಗಿ ನೇಮಿಸಿಕೊಳ್ಳುವಂತಿರಲಿಲ್ಲ. ಸರ್ಕಾರ ಗೊತ್ತುಮಾಡಿದ ಸಂಸ್ಥೆಗಳ ಮೂಲಕವೇ ಪಡೆಯಬೇಕಿತ್ತು. ಬೀಜಿಂಗ್‌ನಲ್ಲಿ 1979ರಲ್ಲಿ ಶುರುವಾದ ಫೆಸ್ಕೋ ಅಂಥದ್ದು. ಮುಂದೆ ಸ್ಥಳೀಯ ಕಂಪನಿಗಳೂ ಈ ಪದ್ಧತಿಯನ್ನು ಅತಿಯಾಗಿ ಬಳಸಿದಾಗ 2014ರ ನಿಯಮಗಳು ಎರವಲು ನೌಕರರ ಪ್ರಮಾಣಕ್ಕೆ ಶೇ 10ರ ಮಿತಿ ಹಾಕಿದವು. ಜರ್ಮನಿಯಲ್ಲಿ 1972ರಿಂದಲೂ ನೌಕರರನ್ನು ಎರವಲು ಕೊಡಲು ಪರವಾನಗಿ ಬೇಕು. 2017ರಿಂದ 18 ತಿಂಗಳ ಮಿತಿ, 9 ತಿಂಗಳ ನಂತರ ಸಮಾನ ವೇತನ. ಮೆಕ್ಸಿಕೋ 2021ರಲ್ಲಿ ನೌಕರರನ್ನು ಹೊರಗಿನವರ ಮೂಲಕ ಒದಗಿಸಿಕೊಳ್ಳುವುದನ್ನೇ ನಿಷೇಧಿಸಿ, ಕಂಪನಿಯ ಮುಖ್ಯ ವ್ಯವಹಾರಕ್ಕೆ ಸೇರದ ವಿಶೇಷ ಸೇವೆಗಳಿಗೆ ಮಾತ್ರ ನೋಂದಣಿಯೊಡನೆ ಜಾಗ ಕೊಟ್ಟಿತು. 'ಎಂಪ್ಲಾಯರ್ ಆಫ್ ರೆಕಾರ್ಡ್' (ದಾಖಲೆಯ ಮಟ್ಟಿಗೆ ಮಾಲೀಕ) ಎಂಬ ಹೆಸರಿನಲ್ಲಿ 2020ರ ಮನೆಯಿಂದಲೇ ಕೆಲಸ ಮಾಡುವ ಅಲೆಯ ಮೇಲೆ ಬೆಳೆದ ಸೇವೆ ಈ ಹಳೆಯ ನಿಯಮಗಳ ನೆರಳಲ್ಲೇ ನಡೆಯುತ್ತಿದೆ.

ಹೊಸ ದೇಶದಲ್ಲಿ ಒಬ್ಬಿಬ್ಬರನ್ನು ನೇಮಿಸುವವರಿಗೆ ಇದು ಒಳ್ಳೆಯ ದಾರಿಯೇ. ಆದರೆ ಕೇಳಿ ತಿಳಿಯಬೇಕಾದ ಸಂಗತಿಗಳಿವೆ. ಆ ದೇಶದಲ್ಲಿ ಮಧ್ಯವರ್ತಿಗಳದೇ ನೋಂದಾಯಿತ ಕಂಪನಿ ಇದೆಯೇ ಅಥವಾ ಇನ್ನೊಬ್ಬರಿಗೆ ವಹಿಸುತ್ತಾರೆಯೇ? ಪರವಾನಗಿ ಬೇಕಾದಲ್ಲಿ ಅದು ಯಾರ ಹೆಸರಿನಲ್ಲಿದೆ? ನೌಕರ ಬರೆದ ಕೋಡ್ ಅಥವಾ ವಿನ್ಯಾಸದ ಹಕ್ಕು ಮೊದಲು ಮಧ್ಯವರ್ತಿಗೆ, ಅಲ್ಲಿಂದ ನಿಮಗೆ ಬರುವಂತೆ ಎರಡೂ ಪತ್ರಗಳಲ್ಲಿ ಬರೆದಿದೆಯೇ? ಒಂದು ಕೊಂಡಿ ತಪ್ಪಿದರೂ ಕಂಪನಿ ಮಾರುವ ಹೊತ್ತಿಗೆ ಅದು ಎದ್ದುಬರುತ್ತದೆ. ಕಾಯಂ ನೆಲೆಯ ಅಪಾಯವನ್ನಂತೂ ಯಾವ ಮಧ್ಯವರ್ತಿಯೂ ತೆಗೆಯಲಾರ, ಏಕೆಂದರೆ ಅಲ್ಲಿ ನೋಡುವುದು ಕೆಲಸವನ್ನು, ಸಂಬಳದ ಚೀಟಿಯನ್ನಲ್ಲ.

ಸ್ವಂತ ಕಂಪನಿ ತೆರೆಯದೆಯೂ ನೇರವಾಗಿ ಮಾಲೀಕನಾಗುವ ಅವಕಾಶ ಕೆಲವು ದೇಶಗಳಲ್ಲಿದೆ. ಫ್ರಾನ್ಸ್‌ನಲ್ಲಿ ನೆಲೆಯಿಲ್ಲದ ವಿದೇಶಿ ಕಂಪನಿಗಳಿಗೆಂದೇ ವಿಮಾ ವಸೂಲಿ ಸಂಸ್ಥೆಯ ಪ್ರತ್ಯೇಕ ವಿಭಾಗವಿದೆ. ಜರ್ಮನಿಯಲ್ಲಿ ಉದ್ಯೋಗ ಇಲಾಖೆಯಿಂದ ಮಾಲೀಕರ ಸಂಖ್ಯೆ ಪಡೆದು ವಿಮೆ ಕಟ್ಟಿದರೆ ಸಾಕು. ಅಲ್ಲಿ ನೆಲೆಯೇ ಇಲ್ಲದ ಕಂಪನಿಗೆ ಸಂಬಳದಿಂದ ತೆರಿಗೆ ಕಡಿಯುವ ಹೊಣೆ ಸಾಮಾನ್ಯವಾಗಿ ಇರುವುದಿಲ್ಲ, ನೌಕರನೇ ಕಟ್ಟಿಕೊಳ್ಳುತ್ತಾನೆ. ಇದನ್ನು ಅವನಿಗೆ ಸೇರುವ ಮೊದಲೇ ಹೇಳಬೇಕು. ಇಲ್ಲದಿದ್ದರೆ ಕೈಗೆ ಬಂದದ್ದೆಲ್ಲ ತನ್ನದೆಂದು ಖರ್ಚು ಮಾಡಿ ವರ್ಷದ ಕೊನೆಗೆ ಸಿಕ್ಕಿಬೀಳುತ್ತಾನೆ.

ಜನ ಹೆಚ್ಚಾಗಿ, ಮಧ್ಯವರ್ತಿಯಿಂದ ಸ್ವಂತ ಕಂಪನಿಗೆ ಅವರನ್ನು ವರ್ಗಾಯಿಸುವ ಹಂತ ಬಂದಾಗ ಮೊದಲ ನೇಮಕದ ತಾರೀಖನ್ನೇ ಸೇವೆಯ ಆರಂಭವೆಂದು ಹೊಸ ಪತ್ರದಲ್ಲಿ ಬರೆಯಿರಿ. ಉಳಿದ ರಜೆಯನ್ನು ಹಣ ಕೊಟ್ಟು ತೀರಿಸುತ್ತೀರೋ ಮುಂದಕ್ಕೆ ಒಯ್ಯುತ್ತೀರೋ ನಮೂದಿಸಿ. ಹೊಸದಾಗಿ ಪ್ರೊಬೇಷನ್ ಹೇರಬೇಡಿ. ತೆರಿಗೆ ವರ್ಷದ ಮೊದಲ ದಿನದಿಂದ ಬದಲಾಯಿಸಿದರೆ ಒಂದೇ ವರ್ಷಕ್ಕೆ ಎರಡು ಮಾಲೀಕರ ಲೆಕ್ಕ ಜೋಡಿಸುವ ಕೆಲಸ ನೌಕರನಿಗೆ ತಪ್ಪುತ್ತದೆ. ಕೆಲಸದ ವೀಸಾದ ಮೇಲೆ ಇರುವವರಿದ್ದರೆ ಅವರ ಪರವಾನಗಿ ಸಾಮಾನ್ಯವಾಗಿ ಹಳೆಯ ಮಾಲೀಕನ ಹೆಸರಿನಲ್ಲಿರುತ್ತದೆ; ಹೊಸ ಪರವಾನಗಿ ಕೈಗೆ ಬರುವವರೆಗೆ ಅವರನ್ನು ವರ್ಗಾಯಿಸಬಾರದು.