‘ಓದುವ ಲಾಕ್ ಸಾಕು’ ಅಂದುಕೊಂಡಿದ್ದ ಜಾಗ

ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನ ಮೆಮೊರಿ ಭಾಗದಲ್ಲಿ ಲಾಕ್ ದೋಷ (ಒಂದೇ ಡೇಟಾವನ್ನು ಹಲವರು ಒಟ್ಟಿಗೆ ಮುಟ್ಟಿ ಕೆಡಿಸದಂತೆ ಕಾಯುವುದು ಲಾಕ್) ಸಿಕ್ಕಿತು ಅಂದರೆ ಹೊಸಬರು ಮೊದಲು ಹುಡುಕುವುದು ಲಾಕ್ ಹಾಕಲು ಮರೆತ ಜಾಗವನ್ನು. ನಾನು ತಂಡದ ಹುಡುಗ ಹುಡುಗಿಯರಿಗೆ ಬೇರೆ ಎರಡು ಪ್ರಶ್ನೆ ಕೇಳಿಕೊಳ್ಳಲು ಹೇಳುತ್ತೇನೆ. ಈ ಲಾಕ್ ಯಾವ ಡೇಟಾವನ್ನು ಕಾಯುತ್ತದೆ ಅಂತ ಇದನ್ನು ಬರೆದವರು ನಂಬಿದ್ದರು? ಆ ಡೇಟಾ ಇವತ್ತೂ ಹಾಗೇ ಇದೆಯಾ? 2023ರಲ್ಲಿ ಲಿನಕ್ಸ್‌ನಲ್ಲಿ ಸಿಕ್ಕ ‘ಸ್ಟ್ಯಾಕ್‌ರಾಟ್’ ದೋಷ ಪೂರ್ತಿ ನಿಂತಿರುವುದೇ ಈ ಎರಡನೇ ಪ್ರಶ್ನೆಯ ಮೇಲೆ.

ಮೊದಲು ಸ್ವಲ್ಪ ಹಿನ್ನೆಲೆ. ಓಡುತ್ತಿರುವ ಒಂದು ಪ್ರೋಗ್ರಾಂನ ಮೆಮೊರಿ ಹಲವು ತುಂಡುಗಳಾಗಿರುತ್ತದೆ: ಕೋಡ್, ಹೀಪ್, ಸ್ಟ್ಯಾಕ್, ಮ್ಯಾಪ್ ಮಾಡಿದ ಫೈಲುಗಳು. ಪ್ರತಿ ತುಂಡಿಗೂ ಕರ್ನಲ್ ಒಂದು ದಾಖಲೆ ಇಟ್ಟುಕೊಳ್ಳುತ್ತದೆ. ಅದಕ್ಕೆ ವಿಎಂಎ ಅನ್ನುತ್ತೇವೆ. ಈ ವಿಎಂಎಗಳೆಲ್ಲ ಒಂದು ಟ್ರೀಯಲ್ಲಿರುತ್ತವೆ, ಅಂದರೆ ನೋಡ್ ಎಂಬ ಕವಲುಗಳಾಗಿ ಜೋಡಿಸಿದ, ಬೇಗ ಹುಡುಕಬಹುದಾದ ಪಟ್ಟಿಯಲ್ಲಿ. ಅದನ್ನು ಕಾಯುವುದು ಎಂಮ್ಯಾಪ್ ಲಾಕ್. ಓದುವವರು ಎಷ್ಟು ಜನ ಬೇಕಾದರೂ ಒಟ್ಟಿಗೆ ಹಿಡಿಯಬಹುದು. ಬದಲಾಯಿಸುವವರು ಮಾತ್ರ ಒಬ್ಬರೇ ಹಿಡಿಯಬೇಕು. ಪ್ರೋಗ್ರಾಂ ಮುಟ್ಟಿದ ವಿಳಾಸಕ್ಕೆ ಮೆಮೊರಿ ಇನ್ನೂ ಸಿದ್ಧವಿಲ್ಲದಿದ್ದರೆ ಪ್ರೊಸೆಸರ್ ಕರ್ನಲ್ಲನ್ನು ಕರೆಯುತ್ತದೆ, ಅದೇ ಪೇಜ್ ಫಾಲ್ಟ್. ಆಗೆಲ್ಲ ಕರ್ನಲ್ ಓದುವ ಲಾಕ್ ಹಿಡಿಯುತ್ತಿತ್ತು.

ಬದಲಾಯಿಸುವವರು ಒಬ್ಬರೇ ಹಿಡಿಯಬೇಕು ಅನ್ನುವುದಕ್ಕೆ ಒಂದು ವಿನಾಯಿತಿ ಇತ್ತು, ಅದೇ ಫಂಕ್ಷನ್‌ಗಳ ತಾತ್ಕಾಲಿಕ ಡೇಟಾ ಇರುವ ಸ್ಟ್ಯಾಕ್. ಅದು ತಾನಾಗಿಯೇ ಕೆಳಕ್ಕೆ ಬೆಳೆಯುತ್ತದೆ. ಪ್ರೋಗ್ರಾಂ ಸ್ಟ್ಯಾಕ್‌ನ ಅಂಚಿನಿಂದ ಕೆಳಗಿನ ವಿಳಾಸ ಮುಟ್ಟಿದರೆ ಪೇಜ್ ಫಾಲ್ಟ್ ಆಗುತ್ತದೆ, ಕರ್ನಲ್ ವಿಎಂಎಯ ಆರಂಭದ ವಿಳಾಸವನ್ನು ಕೆಳಗಿಳಿಸುತ್ತದೆ. ಇದು ಬದಲಾವಣೆಯೇ ಅಲ್ವಾ? ಆದರೂ ಓದುವ ಲಾಕ್‌ನಲ್ಲೇ ನಡೆಯುತ್ತಿತ್ತು. ಅದಕ್ಕೆ ಕಾರಣವೂ ಇತ್ತು. ಹಳೆಯ ರೆಡ್-ಬ್ಲ್ಯಾಕ್ ಟ್ರೀಯಲ್ಲಿ ಆರಂಭದ ವಿಳಾಸ ವಿಎಂಎ ಒಳಗಿನ ಒಂದು ಸಂಖ್ಯೆ ಅಷ್ಟೆ. ಅದನ್ನು ಇಳಿಸಿದರೆ ಟ್ರೀಯ ಆಕಾರ ಬದಲಾಗುವುದಿಲ್ಲ, ಯಾವ ನೋಡ್ ಕೂಡ ಅಳಿಯುವುದಿಲ್ಲ. ಇಬ್ಬರು ಒಟ್ಟಿಗೆ ಬೆಳೆಸಲು ಬಂದರೆ ತಡೆಯಲು ಬೇರೆ ಸಣ್ಣ ಲಾಕ್ ಇತ್ತು. ಹಾಗಾಗಿ ವರ್ಷಗಟ್ಟಲೆ ಇದು ಸರಿಯಾಗಿಯೇ ನಡೆಯಿತು.

ಡಿಸೆಂಬರ್ 2022ರಲ್ಲಿ ಬಂದ ಲಿನಕ್ಸ್ 6.1 ಆವೃತ್ತಿಯಲ್ಲಿ ರೆಡ್-ಬ್ಲ್ಯಾಕ್ ಟ್ರೀಯ ಜಾಗಕ್ಕೆ ಮೇಪಲ್ ಟ್ರೀ ಎಂಬ ಬೇರೆ ಬಗೆಯ ಟ್ರೀ ಬಂತು. ಇದರಲ್ಲಿ ತುಂಡುಗಳ ಗಡಿಗಳು ಟ್ರೀಯ ನೋಡ್ ಒಳಗೇ ಇರುತ್ತವೆ. ಸ್ಟ್ಯಾಕ್ ಮತ್ತು ಅದರ ಕೆಳಗಿನ ನೆರೆಯ ತುಂಡಿನ ನಡುವೆ ಖಾಲಿ ಜಾಗ ಉಳಿದಿದ್ದರೆ ಗಡಿಯನ್ನು ಇದ್ದಲ್ಲೇ ತಿದ್ದಬಹುದು. ಖಾಲಿ ಜಾಗ ಪೂರ್ತಿ ಮುಗಿದರೆ ಹೊಸ ನೋಡ್ ಬರೆದು ಹಳೆಯದನ್ನು ತೆಗೆಯಬೇಕು. ಹಳೆಯ ನೋಡ್ ಆರ್‌ಸಿಯು ಕೈಗೆ ಹೋಗುತ್ತದೆ. ಓದುವವರು ಮುಗಿಸುವ ತನಕ ಕಾದು ಹಳೆಯ ಮೆಮೊರಿಯನ್ನು ಬಿಡುಗಡೆ ಮಾಡುವ ಕರ್ನಲ್ ವ್ಯವಸ್ಥೆ ಅದು. ಆರ್‌ಸಿಯು ಕಾಯುವುದು ‘ನಾನು ಆರ್‌ಸಿಯು ಅಡಿ ಓದುತ್ತಿದ್ದೇನೆ’ ಎಂದು ಮೊದಲೇ ತಿಳಿಸಿದವರಿಗಾಗಿ ಮಾತ್ರ. ಎಂಮ್ಯಾಪ್ ಲಾಕ್ ಹಿಡಿದು ಓದುವವರು ಹಾಗೆ ತಿಳಿಸುತ್ತಿರಲಿಲ್ಲ. ತಾವು ಲಾಕ್ ಹಿಡಿದಿರುವಾಗ ಟ್ರೀಯನ್ನು ಯಾರೂ ಮುಟ್ಟುವುದಿಲ್ಲ ಅನ್ನುವುದು ಅವರ ನಂಬಿಕೆ. ಹೀಗೆ ಅವರು ನೋಡುತ್ತಿದ್ದ ನೋಡ್ ಅವರ ಕಣ್ಣೆದುರೇ ಬಿಡುಗಡೆಯಾಗುತ್ತಿತ್ತು. ಸಾಮಾನ್ಯ ಯೂಸರ್ ಒಬ್ಬರು ಇದನ್ನು ಬಳಸಿ ರೂಟ್ ಅಧಿಕಾರ (ಯಂತ್ರದ ಮೇಲೆ ಪೂರ್ತಿ ಹಿಡಿತ) ಪಡೆಯಬಹುದಿತ್ತು. ಭದ್ರತಾ ದೋಷಗಳ ಪಟ್ಟಿಯಲ್ಲಿ ಸಿವಿಇ-2023-3269 ಅಂದರೆ ಇದೇ.

ಪರೀಕ್ಷೆಗಳಲ್ಲಿ ಯಾಕೆ ಸಿಗಲಿಲ್ಲ? ಸ್ಟ್ಯಾಕ್ ಕೆಳಗೆ ಸಾಮಾನ್ಯವಾಗಿ 256 ಪೇಜ್‌ಗಳಷ್ಟು ಕಾವಲು ಜಾಗ ಇರಲೇಬೇಕು. ಆದರೆ ನೆರೆಯ ತುಂಡೂ ಕೆಳಕ್ಕೆ ಬೆಳೆಯುವಂಥದ್ದೇ ಆಗಿದ್ದರೆ ಈ ನಿಯಮ ಅನ್ವಯಿಸುವುದಿಲ್ಲ. ದಿನನಿತ್ಯದ ಪ್ರೋಗ್ರಾಂಗಳು ಹಾಗೆ ಜೋಡಿಸುವುದಿಲ್ಲ. ದಾಳಿ ಮಾಡುವವರು ಬೇಕಂತಲೇ ಜೋಡಿಸುತ್ತಾರೆ.

ಸರಿಪಡಿಸುವ ಕೆಲಸವನ್ನು ಲಿನಸ್ ಟೋರ್ವಾಲ್ಡ್ಸ್ ಅವರೇ ಮುಂದೆ ನಿಂತು ಮಾಡಿದರು. ಸ್ಟ್ಯಾಕ್ ಬೆಳೆಸುವಾಗ ಬರೆಯುವ ಲಾಕ್ ಹಿಡಿಯಬೇಕು, ಹೇಳಲು ಇಷ್ಟೇ. ಆದರೆ ಸ್ಟ್ಯಾಕ್ ಬೆಳೆಯಬೇಕು ಅಂತ ಗೊತ್ತಾಗುವ ಹೊತ್ತಿಗೆ ನಾವು ಆಗಲೇ ಓದುವ ಲಾಕ್ ಹಿಡಿದಿರುತ್ತೇವೆ. ಅದನ್ನು ಕೈಬಿಡದೆ ಬರೆಯುವ ಲಾಕ್‌ಗೆ ಕಾಯಲು ಆಗುವುದಿಲ್ಲ. ಎರಡು ಥ್ರೆಡ್ (ಒಂದೇ ಪ್ರೋಗ್ರಾಂನಲ್ಲಿ ಒಟ್ಟಿಗೆ ಓಡುವ ಕೆಲಸಗಳು) ಏಕಕಾಲಕ್ಕೆ ಹಾಗೆ ಮಾಡಿದರೆ, ಒಂದು ಬಿಡಲಿ ಅಂತ ಇನ್ನೊಂದು ಕಾಯುತ್ತಾ ಎರಡೂ ಅಲ್ಲೇ ನಿಂತುಬಿಡುತ್ತವೆ. ಇದೇ ಡೆಡ್‌ಲಾಕ್. ಹಾಗಾಗಿ ಓದುವ ಲಾಕ್ ಬಿಟ್ಟು, ಬರೆಯುವ ಲಾಕ್ ಹಿಡಿದು, ವಿಎಂಎಯನ್ನು ಮತ್ತೆ ಮೊದಲಿಂದ ಹುಡುಕಬೇಕು. ಆ ಕ್ಷಣದ ಬಿಡುವಿನಲ್ಲಿ ಬೇರೆ ಥ್ರೆಡ್ ಆ ತುಂಡನ್ನೇ ತೆಗೆದುಹಾಕಿರಬಹುದು, ಅಥವಾ ಸ್ಟ್ಯಾಕನ್ನು ಆಗಲೇ ಬೆಳೆಸಿರಬಹುದು. ಹಳೆಯ ಪಾಯಿಂಟರ್ ನಂಬುವಂತಿಲ್ಲ. ಇಂಥ ಪ್ಯಾಚ್ ರಿವ್ಯೂಗೆ ಬಂದರೆ ನನ್ನ ಕಣ್ಣು ಮೊದಲು ಹೋಗುವುದು ಇಲ್ಲಿಗೇ: ಲಾಕ್ ಬಿಟ್ಟ ಮೇಲೆ ಮತ್ತೆ ಹುಡುಕಿದ್ದಾರಾ? ಬೆಳೆಸಿದ ಮೇಲೆ ಬರೆಯುವ ಲಾಕನ್ನು ಓದುವ ಲಾಕ್‌ಗೆ ಇಳಿಸಿಕೊಳ್ಳಬಹುದು, ಅದರಲ್ಲಿ ಅಪಾಯವಿಲ್ಲ. ತಲೆನೋವು ಜಾಸ್ತಿ ಇದ್ದದ್ದು ಬೇರೆ ಕಡೆ. ಪ್ರತಿ ಬಗೆಯ ಪ್ರೊಸೆಸರ್‌ಗೂ ತನ್ನದೇ ಪೇಜ್ ಫಾಲ್ಟ್ ಕೋಡ್ ಇದೆ, ಅವನ್ನೆಲ್ಲ ತಿದ್ದಬೇಕಾಯಿತು. ಜೂನ್ ಮಧ್ಯದಲ್ಲಿ ವರದಿಯಾದ ದೋಷದ ಪರಿಹಾರ ಜುಲೈ ಆರಂಭಕ್ಕೆ 6.1.37, 6.3.11 ಮತ್ತು 6.4.1ಕ್ಕೆ ತಲುಪಿತು.

ಲಾಕ್ ತಪ್ಪುಗಳನ್ನು ಹುಡುಕುವ ಕರ್ನಲ್‌ನ ಲಾಕ್‌ಡೆಪ್ ಈ ದೋಷವನ್ನು ಪತ್ತೆ ಮಾಡಬೇಕಿತ್ತಲ್ಲ ಅಂತ ಕೇಳುವವರಿದ್ದಾರೆ. ಇಂಗೋ ಮೋಲ್ನಾರ್ 2006ರಲ್ಲಿ ತಂದ ಈ ಸಾಧನ ನನಗೆ ಬಹಳ ಇಷ್ಟ. ಲಾಕ್‌ಗಳನ್ನು ಯಾವ ಕ್ರಮದಲ್ಲಿ ಹಿಡಿದರು ಎಂದು ನೆನಪಿಟ್ಟುಕೊಂಡು, ಡೆಡ್‌ಲಾಕ್ ಆಗುವ ಮೊದಲೇ ಎಚ್ಚರಿಸುತ್ತದೆ. ಆದರೆ ಈ ಡೇಟಾಗೆ ಈ ಲಾಕ್ ಸಾಕಾ ಅನ್ನುವುದು ಅದಕ್ಕೆ ತಾನಾಗಿ ತಿಳಿಯದು. ಡೇಟಾ ಬದಲಾಗುವ ಸಾಲಿನ ಹತ್ತಿರವೇ ‘ಇಲ್ಲಿ ಬರೆಯುವ ಲಾಕ್ ಇರಲೇಬೇಕು’ ಎಂಬ ಅಸರ್ಷನ್ (ಕೋಡ್ ಓಡುವಾಗ ಯಂತ್ರವೇ ಪರೀಕ್ಷಿಸುವ ಷರತ್ತು) ನಾವು ಬರೆಯಬೇಕು. ಸುಮ್ನೆ ಕಾಮೆಂಟ್ ಹಾಕಿದರೆ ಯಂತ್ರ ಅದನ್ನು ಓದುವುದಿಲ್ಲ.

ಅದೇ ಹೊತ್ತಿಗೆ 6.4ರಲ್ಲಿ ಪ್ರತಿ ವಿಎಂಎಗೂ ಅದರದೇ ಲಾಕ್ ಬಂದಿತ್ತು. ಇದರಿಂದ ಬಹಳಷ್ಟು ಪೇಜ್ ಫಾಲ್ಟ್‌ಗಳಿಗೆ ಎಂಮ್ಯಾಪ್ ಲಾಕ್ ಬೇಕಿಲ್ಲ. ಆದರೆ ಫೋರ್ಕ್ ಮಾಡುವ, ಅಂದರೆ ಓಡುತ್ತಿರುವ ಪ್ರೊಸೆಸ್‌ನ ನಕಲು ಹುಟ್ಟಿಸುವ ಕೋಡ್ ಎಂಮ್ಯಾಪ್ ಲಾಕ್ ಒಂದನ್ನೇ ನಂಬಿತ್ತು. ಪೇಜ್ ಟೇಬಲ್ (ಯಾವ ವಿಳಾಸ ಯಾವ ಮೆಮೊರಿ ಪೇಜ್‌ಗೆ ಸೇರಿದ್ದು ಎಂಬ ಪಟ್ಟಿ) ನಕಲಾಗುತ್ತಿರುವಾಗಲೇ ಬೇರೆ ಥ್ರೆಡ್‌ನ ಫಾಲ್ಟ್ ಒಳಗೆ ನುಗ್ಗಿ, ಬಹು ಥ್ರೆಡ್ ಪ್ರೋಗ್ರಾಂಗಳ ಮೆಮೊರಿ ಕೆಡುತ್ತಿತ್ತು. ಸ್ಟ್ಯಾಕ್ ಬೆಳೆಸುವ ಜಾಗದಲ್ಲೂ ವಿಎಂಎ ಲಾಕ್ ಸೇರಿಸಬೇಕಾಯಿತು. ಈಗಷ್ಟೇ ತಿದ್ದಿದ್ದ ಜಾಗ ಅದು.

ಫೋರ್ಕ್‌ನ ಪರಿಹಾರ ನೇರವಾಗಿತ್ತು: ನಕಲು ಮಾಡುವ ಮೊದಲು ತಾಯಿ ಪ್ರೊಸೆಸ್‌ನ ಎಲ್ಲ ವಿಎಂಎಗಳನ್ನೂ ಲಾಕ್ ಮಾಡುವುದು. ಅದಕ್ಕೆ ತೆತ್ತ ಬೆಲೆಯನ್ನು ಪ್ಯಾಚ್ ವಿವರಣೆಯಲ್ಲೇ ಬರೆದಿದ್ದಾರೆ. 10,000 ವಿಎಂಎ ಇಟ್ಟುಕೊಂಡು 5,000 ಸಲ ಫೋರ್ಕ್ ಮಾಡುವ ಪರೀಕ್ಷೆ ಸುಮಾರು 5% ನಿಧಾನವಾಯಿತು. 56 ಕೋರ್‌ಗಳ ಯಂತ್ರದಲ್ಲಿ ಕರ್ನಲ್ ಬಿಲ್ಡ್ ಮಾಡಿದಾಗ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ನನ್ನ ಹತ್ತಿರ ಬರುವ ಲಾಕ್ ಪ್ಯಾಚ್‌ಗಳಲ್ಲೂ ಈ ಅಳತೆ ಇರಬೇಕು ಅಂತ ಕೇಳುತ್ತೇನೆ, ಇಲ್ಲದಿದ್ದರೆ ವಾಪಸ್ ಕಳಿಸುತ್ತೇನೆ.