ಎಂಜಿನ್ ಬೇಡವೆಂದ ಬೆಟ್ಟ

ಹದ್ದು ರೆಕ್ಕೆ ಬಡಿಯದೆ ಮೇಲೇರುವುದನ್ನು ಎಲ್ಲರೂ ನೋಡಿದ್ದೇವೆ. ಆ ಗುಟ್ಟನ್ನು ಮನುಷ್ಯ ಗಟ್ಟಿಯಾಗಿ ಕಲಿತ ಜಾಗ ಜರ್ಮನಿಯ ರೋನ್ ಸೀಮೆಯ ವಾಸರ್‌ಕುಪ್ಪೆ. 950 ಮೀಟರ್ ಎತ್ತರದ, ಹುಲ್ಲು ಹೊದ್ದ ಬೋಳು ಬೆಟ್ಟ.

1911ರಲ್ಲೇ ಡಾರ್ಮ್‌ಸ್ಟಾಟ್‌ನ ವಿದ್ಯಾರ್ಥಿಗಳು ಇಲ್ಲಿ ಗ್ಲೈಡರ್, ಅಂದರೆ ಎಂಜಿನ್ ಇಲ್ಲದ ವಿಮಾನ, ಹಾರಿಸಲು ಬರುತ್ತಿದ್ದರು. ಬೆಟ್ಟಕ್ಕೆ ಹೆಸರು ತಂದಿದ್ದು ಮಾತ್ರ ಯುದ್ಧದ ಸೋಲು. ಮೊದಲ ಮಹಾಯುದ್ಧದ ನಂತರ ಗೆದ್ದ ದೇಶಗಳು ಜರ್ಮನಿ ವಿಮಾನ ಕಟ್ಟದಂತೆ ತಡೆದವು. ಎಂಜಿನ್ ಇಲ್ಲದ ಗ್ಲೈಡರ್ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. 1920ರಲ್ಲಿ ಪತ್ರಿಕಾ ಸಂಪಾದಕ ಆಸ್ಕರ್ ಉರ್ಸಿನಸ್ ಹಾರುವ ಹುಚ್ಚಿದ್ದವರನ್ನೆಲ್ಲ ಈ ಬೆಟ್ಟಕ್ಕೆ ಸ್ಪರ್ಧೆಗೆ ಕರೆದರು. ಆ ವರ್ಷ ಪೈಲಟ್ ಕ್ಲೆಂಪರರ್ ಹಾರಿದ್ದು 2 ನಿಮಿಷ 22 ಸೆಕೆಂಡು.

ಎರಡೇ ವರ್ಷ. 1922ರ ಆಗಸ್ಟ್‌ನಲ್ಲಿ ಹ್ಯಾನೋವರ್ ವಿದ್ಯಾರ್ಥಿಗಳ ‘ವ್ಯಾಂಪೈರ್’ ಗ್ಲೈಡರ್ ಬಂತು. ನೆಲಕ್ಕಿಳಿಯಲು ಅದಕ್ಕೆ ಚಕ್ರ ಇರಲಿಲ್ಲ, ಮೂರು ಚರ್ಮದ ಚೆಂಡು! ರಬ್ಬರ್ ಹಗ್ಗ ಹಿಡಿದ ಹುಡುಗರು ಇಳಿಜಾರಿನಲ್ಲಿ ಓಡುತ್ತಾರೆ, ಹಗ್ಗ ಕವಣೆಯಂತೆ ಗ್ಲೈಡರನ್ನು ಚಿಮ್ಮಿಸುತ್ತದೆ. ಅದರಲ್ಲಿ ಪೈಲಟ್ ಮಾರ್ಟೆನ್ಸ್ ಒಂದು ಗಂಟೆಗೂ ಜಾಸ್ತಿ ಹೊತ್ತು ಗಾಳಿಯಲ್ಲಿದ್ದರು. ಅದೇ ತಿಂಗಳು ಹೆಂಟ್ಸೆನ್ ಮೂರು ಗಂಟೆ ದಾಟಿಸಿದರು.

ಗ್ಲೈಡರ್ ಸದಾ ಕೆಳಗೇ ಜಾರುತ್ತಿರುತ್ತದೆ. ಆದರೆ ಬೀಸುವ ಗಾಳಿ ಬೆಟ್ಟಕ್ಕೆ ತಾಗಿದರೆ ಹೋಗಲು ದಾರಿಯಿಲ್ಲದೆ ಇಳಿಜಾರಿನುದ್ದಕ್ಕೂ ಮೇಲಕ್ಕೆ ಏರುತ್ತದೆ. ಗ್ಲೈಡರ್ ಇಳಿಯುವುದಕ್ಕಿಂತ ಗಾಳಿ ಏರುವುದೇ ಜೋರಾದರೆ, ಜಾರುತ್ತಲೇ ಮೇಲೆ ಹೋಗಬಹುದು. ಬೆಟ್ಟ ಬಿಟ್ಟು ದೂರ ಹೋದರೆ ಆಟ ಮುಗಿಯಿತು, ಅಲ್ವಾ?

ಮುಗಿಯಲಿಲ್ಲ. 1926ರಲ್ಲಿ ಗುಡುಗಿನ ಮೋಡವೊಂದು ಮ್ಯಾಕ್ಸ್ ಕೆಗೆಲ್‌ರನ್ನು ಒಳಗೆಳೆದುಕೊಂಡಿತು. ಅವರು ಇಳಿದದ್ದು 55 ಕಿಲೋಮೀಟರ್ ದೂರದಲ್ಲಿ, ಜೀವಂತವಾಗಿ! ಮೋಡದಡಿಯಲ್ಲೂ ಏರುಗಾಳಿ ಇದೆ ಎಂದಾಯಿತು. ಆದರೆ ಕಣ್ಣಿಗೆ ಕಾಣದ ಗಾಳಿಯನ್ನು ಹುಡುಕುವುದು ಹೇಗೆ? ಬಲೂನುಗಳಲ್ಲಿದ್ದ, ಏರುತ್ತಿದ್ದೇವೋ ಇಳಿಯುತ್ತಿದ್ದೇವೋ ತೋರಿಸುವ ವೇರಿಯೋಮೀಟರ್ ಗ್ಲೈಡರಿಗೆ ಬಂತು. ನನಗೆ ಈ ಕಥೆಯಲ್ಲಿ ತುಂಬಾ ಇಷ್ಟವಾದದ್ದು ಇದೇ. ಒಂದು ಫ್ಲಾಸ್ಕ್, ಅದರಿಂದ ಹೊರಗಿನ ಗಾಳಿಗೆ ಒಂದು ಸಣ್ಣ ಕೊಳವೆ. ಮೇಲೇರಿದಂತೆ ಹೊರಗಿನ ಒತ್ತಡ ಇಳಿಯುತ್ತದೆ, ಫ್ಲಾಸ್ಕಿನ ಗಾಳಿ ಕೊಳವೆಯಲ್ಲಿ ಹೊರಗೆ ನುಗ್ಗುತ್ತದೆ, ಮುಳ್ಳು ಮೇಲೆದ್ದು ‘ಏರುತ್ತಿದ್ದೀ’ ಎನ್ನುತ್ತದೆ. ಪೈಲಟ್ ಅಲ್ಲೇ ಸುತ್ತು ಹಾಕುತ್ತಾ ಏರುತ್ತಾನೆ, ಥೇಟ್ ಹದ್ದಿನ ಹಾಗೆ. 1929ರಲ್ಲಿ ರಾಬರ್ಟ್ ಕ್ರೋನ್‌ಫೆಲ್ಡ್ ಗ್ಲೈಡರಿನಲ್ಲಿ 100 ಕಿಲೋಮೀಟರ್ ದಾಟಿದರು.