‘ಆರಾಮ’ ಎಂದ ಮೇಲೂ ಆ ಒಂಬತ್ತು ಪ್ರಶ್ನೆ ಏಕೆ?

ಪ್ರಶ್ನೆ: ನನ್ನ ತಮ್ಮನಿಗೆ ಖಿನ್ನತೆ ಎಂದು ಗೊತ್ತಾಗಿ ನಾಲ್ಕು ತಿಂಗಳಾಯಿತು. ಗದಗದಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಕರೆದುಕೊಂಡು ಬರುತ್ತೇನೆ. ಪ್ರತಿ ಸಲವೂ ಒಳಗೆ ಕರೆಯುವ ಮೊದಲು ಅದೇ ಒಂಬತ್ತು ಪ್ರಶ್ನೆಗಳ ಹಾಳೆ ಕೊಡುತ್ತಾರೆ. ಅಕ್ಕನಾದ ನಾನೇ ಓದಿ ಹೇಳಿ, ಅವನ ಉತ್ತರಕ್ಕೆ ಗುರುತು ಹಾಕುತ್ತೇನೆ. ಮೊದಲು 18 ಬಂದಿತ್ತು, ಈಗ 11 ಇದೆಯಂತೆ. ಮನಸ್ಸಿನ ನೋವಿಗೆ ಅಂಕ ಹಾಕುವುದು ಸರಿಯೇ? ಅಷ್ಟು ಹೊತ್ತು ಡಾಕ್ಟರು ಅವನ ಜೊತೆ ಮಾತನಾಡಬಾರದೇ?

ಉತ್ತರ: ನಮ್ಮ ಕಡೆ ಇಬ್ಬರು ಎದುರಾದರೆ ಮೊದಲ ಮಾತು ‘ಆರಾಮ?’ ಮರುಮಾತೂ ‘ಆರಾಮ’. ಜ್ವರ ಬಿಟ್ಟರೆ ‘ಆರಾಮ ಆಯಿತು’, ಹಾಸಿಗೆ ಹಿಡಿದರೆ ‘ಆರಾಮ ಇಲ್ಲ’. ನಮಸ್ಕಾರಕ್ಕೂ ಆರೋಗ್ಯಕ್ಕೂ ಒಂದೇ ಶಬ್ದ. ಹುಬ್ಬಳ್ಳಿಯ ಕ್ಲಿನಿಕ್ಕೊಂದರಲ್ಲಿ ಆಪ್ತಸಮಾಲೋಚಕಿಯಾಗಿ ಹನ್ನೊಂದು ವರ್ಷ ಕಳೆದಿರುವ ನಾನು ಕಂಡ ಹಾಗೆ, ಡಾಕ್ಟರು ‘ಆರಾಮ ಇದ್ದೀರಾ?’ ಎಂದು ಕೇಳಿದಾಗ ರಾತ್ರಿಯಿಡೀ ಕಣ್ಣು ಮುಚ್ಚದವರೂ ‘ಆರಾಮ’ ಎಂದೇ ಹೇಳುತ್ತಾರೆ. ಅದು ಸುಳ್ಳಲ್ಲ, ರೂಢಿ. ಆ ರೂಢಿಯ ಹಿಂದೆ ಏನಿದೆ ಎಂದು ತಿಳಿಯಲು ಆ ಹಾಳೆ ಬೇಕಾಗುತ್ತದೆ.

ನಿಮ್ಮ ತಮ್ಮನಿಗೆ ಕೊಡುವ ಹಾಳೆ ಬಹುಶಃ ಪಿಎಚ್‌ಕ್ಯೂ-9. ಸ್ಪಿಟ್ಜರ್, ಕ್ರೋಂಕೆ, ವಿಲಿಯಮ್ಸ್ ಎಂಬ ಅಮೆರಿಕದ ಸಂಶೋಧಕರು ರೂಪಿಸಿದ್ದು; ಅದರ ಅಂಕಗಳು ಎಷ್ಟು ನಂಬಬಹುದಾದವು ಎಂಬ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಬಳಸಲು ಯಾರಿಗೂ ಹಣ ಕೊಡಬೇಕಿಲ್ಲ. ಕಳೆದ ಎರಡು ವಾರಗಳಲ್ಲಿ ಬೇಸರ ಎಷ್ಟು ದಿನ ಇತ್ತು, ಯಾವುದರಲ್ಲೂ ಮನಸ್ಸಿಲ್ಲದಂತೆ ಎಷ್ಟು ದಿನ ಅನಿಸಿತು, ನಿದ್ದೆ, ಹಸಿವು, ಸುಸ್ತು, ತನ್ನ ಬಗ್ಗೆ ತನಗೇ ಕೀಳು ಭಾವನೆ, ಹೀಗೆ ಒಂಬತ್ತು ಪ್ರಶ್ನೆ. ‘ಇಲ್ಲವೇ ಇಲ್ಲ’ ಎಂದರೆ 0, ‘ಹೆಚ್ಚುಕಡಿಮೆ ಪ್ರತಿದಿನ’ ಎಂದರೆ 3. ಒಟ್ಟು 27. 5ರಿಂದ ಸೌಮ್ಯ, 10ರಿಂದ ಮಧ್ಯಮ, 15ರಿಂದ ತುಸು ತೀವ್ರ, 20ರಿಂದ ಮೇಲೆ ತೀವ್ರ ಎಂದು ಲೆಕ್ಕ.

ಈ ಅಂಕ ನಿಮ್ಮ ತಮ್ಮನ ನೋವಿಗೆ ಕಟ್ಟಿದ ಬೆಲೆಯಲ್ಲ. ಎರಿ ಮಣ್ಣಿನ ಸೀಮೆಯವರು ನೀವು, ನಿಮಗೆ ಇದು ಬೇಗ ಅರ್ಥವಾಗುತ್ತದೆ. ರಾತ್ರಿ ಮಳೆ ಸುರಿಯಿತೆಂದು ಬೆಳಗಾಗುತ್ತಲೇ ಯಾರೂ ಕೂರಿಗೆ ಹೂಡುವುದಿಲ್ಲ. ಹೊಲಕ್ಕೆ ಹೋಗಿ ಮಣ್ಣು ಕೆದಕಿ, ಹಸಿ ಎಷ್ಟು ಆಳಕ್ಕೆ ಇಳಿದಿದೆ ಎಂದು ಕೈಯಿಟ್ಟು ನೋಡುತ್ತಾರೆ. ಮಾತ್ರೆ ಕೊಟ್ಟದ್ದು ಮಳೆ ಬಿದ್ದ ಹಾಗೆ. ಅದು ಒಳಗೆ ಎಷ್ಟು ಇಳಿಯಿತು ಎಂದು ಕೆದಕಿ ನೋಡುವ ಕೆಲಸ ಈ ಹಾಳೆಯದು. ಪರೀಕ್ಷೆಗೆ ಕುಳಿತಿರುವುದು ನಿಮ್ಮ ತಮ್ಮನಲ್ಲ, ನಾವು ಕೊಡುತ್ತಿರುವ ಚಿಕಿತ್ಸೆ.

ನಮ್ಮ ಕಣ್ಣನ್ನೇ ನಂಬಿ ಕುಳಿತರೆ ಏನಾಗುತ್ತದೆ ಎಂಬುದಕ್ಕೆ ನನ್ನದೇ ಒಂದು ತಪ್ಪು ಹೇಳುತ್ತೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಹಾವೇರಿ ಕಡೆಯ ಹಳ್ಳಿಯೊಂದರ ತಾಯಿ, ನಲವತ್ತರ ಆಚೆಯ ವಯಸ್ಸು. ಬರುವಾಗೆಲ್ಲ ನಗುಮುಖ. ಬಂದಳೆಂದರೆ ನನ್ನ ಮಕ್ಕಳ ಕ್ಷೇಮ ವಿಚಾರಿಸಿ, ‘ಅಡ್ಡಿಯಿಲ್ಲ, ಆರಾಮ ಇದ್ದೇನೆ’ ಎನ್ನುತ್ತಿದ್ದಳು. ನಾನು ಫೈಲಿನಲ್ಲಿ ‘ಸುಧಾರಣೆ’ ಎಂದು ಬರೆಯುತ್ತಿದ್ದೆ. ಡಾಕ್ಟರು ಅದನ್ನು ಓದಿ ಅದೇ ಮಾತ್ರೆ ಮುಂದುವರಿಸುತ್ತಿದ್ದರು. ಹಾಳೆಗಳನ್ನು ತುಂಬಿಸಿಕೊಳ್ಳುತ್ತಿದ್ದೆವು, ಒಂದರ ಕೆಳಗೊಂದು ಪಿನ್ನು ಹಾಕಿ ಇಡುತ್ತಿದ್ದೆವು, ಅಷ್ಟೇ. ಮೂರು ತಿಂಗಳ ಮೇಲೆ ಒಂದು ದಿನ ಪಿನ್ನು ಬಿಚ್ಚಿ ಮೇಜಿನ ಮೇಲೆ ಸಾಲಾಗಿ ಹರಡಿದೆ. 17, 16, 17, 17. ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯಿತು. ಎಲ್ಲ ಸುಧಾರಣೆಯೂ ನನ್ನ ಬರವಣಿಗೆಯಲ್ಲಿ ಮಾತ್ರ ಆಗಿತ್ತು.

ಮುಂದಿನ ಸಲ ಬಂದಾಗ ಆ ಹಾಳೆಗಳನ್ನು ಅವಳ ಮುಂದಿಟ್ಟು, ‘ಇದು ಇಳಿದೇ ಇಲ್ಲವಲ್ಲ, ನಮ್ಮ ಔಷಧ ಎಲ್ಲೋ ಸೋತಿದೆ’ ಎಂದೆ. ಆಗ ಬಾಯಿ ಬಿಟ್ಟಳು. ರಾತ್ರಿ ಮಾತ್ರೆ ನುಂಗಿದರೆ ಬೆಳಗಿನ ನಾಲ್ಕೂವರೆಗೆ ಏಳಲು ಆಗುವುದಿಲ್ಲ, ರೊಟ್ಟಿ ಬಡಿಯುವುದು ತಡವಾಗುತ್ತದೆ, ಹೊಲಕ್ಕೆ ಹೋಗುವವರ ಬುತ್ತಿ ತಪ್ಪುತ್ತದೆ. ಅದಕ್ಕೇ ಅರ್ಧ ಮುರಿದು, ಅದನ್ನೂ ದಿನ ಬಿಟ್ಟು ದಿನ ತೆಗೆದುಕೊಳ್ಳುತ್ತಿದ್ದಳು. ನಮಗೆ ಬೇಸರವಾದೀತೆಂದು ಹೇಳಿರಲಿಲ್ಲ. ಡಾಕ್ಟರು ತೂಕಡಿಕೆ ತರದ ಬೇರೆ ಔಷಧ ಬರೆದರು. ಎರಡು ತಿಂಗಳಲ್ಲಿ ಅಂಕ 8ಕ್ಕೆ ಬಂತು. ನೀವು ಕೇಳಿದಿರಲ್ಲ, ಅಷ್ಟು ಹೊತ್ತು ಮಾತನಾಡಬಾರದೇ ಎಂದು. ಅಂದು ಆ ತಾಯಿಯ ಜೊತೆ ನಿಜವಾದ ಮಾತು ಶುರುವಾದದ್ದೇ ಆ ಹಾಳೆಗಳಿಂದ.

ಇದು ನನ್ನೊಬ್ಬಳ ಕುರುಡಲ್ಲ. 2005ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ತಮ್ಮ ಬಳಿ ಬರುವವರಲ್ಲಿ ಯಾರ ಸ್ಥಿತಿ ಹದಗೆಡಬಹುದು ಎಂದು ಸಮಾಲೋಚಕರನ್ನೇ ಕೇಳಿದರು. 550 ಜನರಲ್ಲಿ ಮೂವರು ಎಂದರು. ವಾಸ್ತವದಲ್ಲಿ ಹದಗೆಟ್ಟವರು 40 ಮಂದಿ. ಬೀಜಿಂಗ್‌ನಲ್ಲಿ 120 ಖಿನ್ನತೆಯ ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಇನ್ನೂ ನೇರವಾಗಿದೆ. ಎರಡೂ ಗುಂಪಿಗೆ ಅವೇ ಎರಡು ಔಷಧಗಳು. ಒಂದು ಗುಂಪಿಗೆ ಮಾತ್ರ ಪ್ರತಿ ಭೇಟಿಯಲ್ಲೂ ಅಳೆದು, ಅಂಕ ನೋಡಿಯೇ ಪ್ರಮಾಣ ಹೊಂದಿಸಿದರು. 24 ವಾರಗಳಾದಾಗ ಅಳೆದ ಗುಂಪಿನಲ್ಲಿ ನೂರಕ್ಕೆ ಸುಮಾರು 74 ಮಂದಿ ಪೂರ್ತಿ ಚೇತರಿಸಿಕೊಂಡಿದ್ದರು, ಇನ್ನೊಂದರಲ್ಲಿ ಸುಮಾರು 29 ಮಂದಿ. ಎಲ್ಲ ಅಧ್ಯಯನಗಳಲ್ಲೂ ಇಷ್ಟು ದೊಡ್ಡ ಅಂತರ ಸಿಕ್ಕಿಲ್ಲ. ಹಾಳೆ ತುಂಬಿಸಿ ಬದಿಗಿಟ್ಟರೆ ಫಲವಿಲ್ಲ. ಅಂಕ ನೋಡಿ ಚಿಕಿತ್ಸೆ ಬದಲಿಸುವುದರಲ್ಲಿ ಫಲವಿದೆ.

ಅಂಕವೊಂದನ್ನೇ ನೆಚ್ಚಿದರೂ ಮೋಸ ಹೋಗುತ್ತೇವೆ. ನಮ್ಮ ಕಡೆ ನೀರಾವರಿಯ ತ್ರೀ ಫೇಸ್ ಕರೆಂಟು ಎಷ್ಟೋ ಸಲ ರಾತ್ರಿ ಬರುತ್ತದೆ. ಮೋಟಾರು ಚಾಲೂ ಮಾಡಲು ಎರಡು ಗಂಟೆಗೆ ಎದ್ದು ಹೊಲಕ್ಕೆ ಹೋಗುವ ರೈತ ‘ನಿದ್ದೆ ಕೆಟ್ಟಿದೆ’ ಎಂಬಲ್ಲಿ 3 ಎಂದು ಗುರುತು ಹಾಕುತ್ತಾನೆ. ಅದು ಕಾಯಿಲೆಯೋ ಕರೆಂಟೋ? ಶ್ರಾವಣದಲ್ಲಿ ಒಪ್ಪೊತ್ತು ಮಾಡುವವರ ಹಸಿವಿನ ಪ್ರಶ್ನೆಗೂ ಇದೇ ಮಾತು. ಬೇಸರ ಎಂಬ ಶಬ್ದವನ್ನೇ ಆಡದೆ ‘ತಲೆ ಭಾರ, ಎದೆ ಒತ್ತಿದ ಹಾಗೆ’ ಎಂದು ಹೇಳುವವರೂ ಬಹಳ. ಹಾಳೆಯ ಮೇಲೆ ಕಣ್ಣಿಟ್ಟವರು ಇದನ್ನೆಲ್ಲ ಕೇಳಿಯೇ ತಿಳಿಯಬೇಕು. ಇಲ್ಲದ್ದು ಕೇಳಿಸುವ, ಕಾಣಿಸುವ ಸ್ಕಿಜೋಫ್ರೀನಿಯಾದಂಥ ಕಾಯಿಲೆಗೆ ಈ ಹಾಳೆ ಸಾಲುವುದೇ ಇಲ್ಲ. ಅಲ್ಲಿ ಮನೆಯವರನ್ನು ಕೇಳುವ ಪ್ರಶ್ನೆ ಬೇರೆ: ತಾನಾಗಿ ಸ್ನಾನ ಮಾಡುತ್ತಾನೆಯೇ, ನಾಲ್ಕು ಜನರ ಜೊತೆ ಕೂರುತ್ತಾನೆಯೇ, ಹೇಳಿದ್ದು ತಿಳಿಯುತ್ತದೆಯೇ, ಕೆಲಸಕ್ಕೆ ಹೋಗುತ್ತಾನೆಯೇ. ಭಾರತೀಯ ಮನೋವೈದ್ಯರ ಸಂಘ ರೂಪಿಸಿದ ‘ಐಡಿಯಾಸ್’ ಎಂಬ ಮಾಪನದಲ್ಲಿ ನೋಡುವುದು ಈ ನಾಲ್ಕನ್ನೇ.

ಕ್ಲಿನಿಕ್ಕಿಗೂ ಇದರಿಂದ ಪಾಠವಿದೆ. ಸುಧಾರಿಸಿದವರ ಅಂಕ ಮಾತ್ರ ಲೆಕ್ಕ ಹಾಕಿ ಬೀಗುವುದು ಸುಲಭ, ಏಕೆಂದರೆ ಬರುವುದನ್ನೇ ಬಿಟ್ಟವರು ಹಾಳೆ ತುಂಬುವುದಿಲ್ಲ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ವ್ಯವಸ್ಥೆಯಲ್ಲಿ 2008ರಿಂದ ಬೆಳೆದ ಮಾತಿನ ಚಿಕಿತ್ಸೆಯ ಯೋಜನೆಯಲ್ಲಿ ಪ್ರತಿ ಭೇಟಿಯಲ್ಲೂ ಅಳೆಯುವುದು ಇದಕ್ಕೇ. ನಡುವೆ ಬಿಟ್ಟುಹೋದವರ ಕೊನೆಯ ಅಂಕವೂ ಉಳಿಯುತ್ತದೆ. ನಮ್ಮಲ್ಲಿ ಈಗ ತಿಂಗಳಿಗೊಮ್ಮೆ ಕುಳಿತು, ಎರಡು ತಿಂಗಳಾದರೂ ಅಂಕ ಇಳಿಯದವರ ಮತ್ತು ಬರುವುದು ನಿಂತವರ ಹೆಸರು ಬರೆದುಕೊಂಡು ಒಬ್ಬೊಬ್ಬರಿಗೂ ಫೋನು ಮಾಡುತ್ತೇವೆ. ಬಸ್ಸಿಗೆ ದುಡ್ಡಿಲ್ಲದ್ದು, ಹೆಸರುಕಾಳು ಬಿಡಿಸುವ ಸುಗ್ಗಿ ಬಂದದ್ದು, ಮಾತ್ರೆಯಿಂದ ತಲೆ ಸುತ್ತು ಬಂದದ್ದು, ಎಲ್ಲವೂ ಆ ಫೋನಿನಲ್ಲಿ ತಿಳಿದದ್ದೇ. ಆದರೆ ಮೇಲಿನವರು ‘ಇಷ್ಟು ಜನರ ಅಂಕ ಇಳಿಯಲೇಬೇಕು’ ಎಂದು ಗುರಿ ಹಾಕಿದ ದಿನ ಈ ಕೆಲಸ ಕೆಡುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆಮೇಲೆ ಅಂಕ ಇಳಿಯುತ್ತದೆ, ನೋವು ಇಳಿಯುವುದಿಲ್ಲ.

ಒಂಬತ್ತನೆಯ ಪ್ರಶ್ನೆಯ ಬಗ್ಗೆ ಬೇರೆಯಾಗಿ ಹೇಳಬೇಕು. ಸತ್ತರೆ ವಾಸಿ ಎನಿಸಿತೇ, ತನಗೆ ತಾನೇ ನೋವು ಮಾಡಿಕೊಳ್ಳುವ ಯೋಚನೆ ಬಂತೇ ಎಂಬುದು ಆ ಪ್ರಶ್ನೆ. ಒಟ್ಟು ಅಂಕ ಎಷ್ಟೇ ಕಡಿಮೆಯಿರಲಿ, ಅಲ್ಲಿ 1 ಬಂದರೂ ಅಂದೇ ಡಾಕ್ಟರು ವಿಚಾರಿಸಬೇಕು. ಬೆಂಚಿನ ಮೇಲೆ ಅಕ್ಕ ಗಟ್ಟಿಯಾಗಿ ಓದಿ, ತಮ್ಮ ಉತ್ತರ ಹೇಳಿ, ಅಕ್ಕನೇ ಗುರುತು ಹಾಕಿದರೆ ಆ ಪ್ರಶ್ನೆಗೆ 0 ಬಿಟ್ಟು ಬೇರೆ ಬರಲು ಸಾಧ್ಯವೇ? ಸೊಸೆ ಓದಿದಾಗ ಅತ್ತೆ, ಗಂಡ ಓದಿದಾಗ ಹೆಂಡತಿ ಆ ಸಾಲನ್ನು ದಾಟಿಸಿಬಿಡುವುದನ್ನು ದಿನವೂ ನೋಡುತ್ತೇನೆ. ಆದ್ದರಿಂದ ದಯವಿಟ್ಟು ಹಾಳೆಯನ್ನು ತಮ್ಮನ ಕೈಗೇ ಕೊಡಿ, ನೀವು ಸ್ವಲ್ಪ ದೂರ ಕುಳಿತುಕೊಳ್ಳಿ. ಓದಲು ಕಷ್ಟವಿದ್ದರೆ ಮನೆಯವರ ಬದಲು ನರ್ಸ್ ಅಥವಾ ಸಮಾಲೋಚಕರು ಬೇರೆ ಕೋಣೆಯಲ್ಲಿ ಓದಿ ಹೇಳಲಿ, ಹಾಗೆ ಕೇಳಿ. ಮನೆಯಲ್ಲಿದ್ದಾಗ ಅಂಥ ಯೋಚನೆ ಕಾಡಿದರೆ ಹಗಲು ರಾತ್ರಿ ಯಾವಾಗಲಾದರೂ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ. ಪ್ರಾಣಕ್ಕೆ ಅಪಾಯ ಕಂಡರೆ ಒಬ್ಬನನ್ನೇ ಬಿಡದೆ ತಕ್ಷಣ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನು ನಿಮ್ಮ ತಮ್ಮನ 18 ಮತ್ತು 11. ಐದಂಕ ಇಳಿದರೆ ನಿಜವಾದ ಬದಲಾವಣೆ ಎಂದು ಪರಿಗಣಿಸುತ್ತಾರೆ. ಅವನಿಗೆ ಏಳು ಇಳಿದಿದೆ, ಚಿಕಿತ್ಸೆ ಹಿಡಿಯುತ್ತಿದೆ. ಆದರೆ ಅರ್ಧಕ್ಕೆ, ಅಂದರೆ 9ಕ್ಕೆ ಇನ್ನೂ ಬಂದಿಲ್ಲ. ಪೂರ್ತಿ ಚೇತರಿಕೆ ಎನ್ನುವುದು 5ಕ್ಕಿಂತ ಕೆಳಗಿಳಿದಾಗ. ನಾಲ್ಕು ತಿಂಗಳಾದರೂ 11ರಲ್ಲಿ ನಿಂತಿದೆ ಎಂದರೆ ಕೇಳುವ ಹಕ್ಕು ನಿಮಗಿದೆ. ‘ಯಾವ ಪ್ರಶ್ನೆಗಳಲ್ಲಿ ಇಳಿದಿದೆ, ಯಾವುದರಲ್ಲಿ ಹಾಗೇ ನಿಂತಿದೆ? ಪ್ರಮಾಣ ಬದಲಿಸಬೇಕೇ? ಮಾತಿನ ಚಿಕಿತ್ಸೆ ಸೇರಿಸಬಹುದೇ?’ ಎಂದು ಕೇಳಿ. ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ಇರಲಿ, ನಿಮ್ಮ ಗದಗದ ಜಿಮ್ಸ್ ಸರ್ಕಾರಿ ಆಸ್ಪತ್ರೆ ಇರಲಿ, ಸಣ್ಣ ಖಾಸಗಿ ಕ್ಲಿನಿಕ್ ಇರಲಿ, ಈ ಪ್ರಶ್ನೆ ಕೇಳಲು ಹಿಂಜರಿಯಬೇಕಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ತನ್ನ ಚಿಕಿತ್ಸೆಯ ದಾಖಲೆ ನೋಡುವ ಹಕ್ಕು ರೋಗಿಗೆ ಇದೆ. ಆ ಅಂಕಗಳನ್ನು ಅವನು ಮನೆಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಂಡರೂ ಸಾಕು.

ಅಂಕ 4ಕ್ಕೆ ಇಳಿದ ದಿನ ಮಾತ್ರೆ ನಿಲ್ಲಿಸಿಬಿಡಬೇಡಿ. ಚೇತರಿಸಿಕೊಂಡ ಮೇಲೂ ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳು ಮುಂದುವರಿಸಿ, ಆಮೇಲೆ ಡಾಕ್ಟರ ಮಾತಿನಂತೆ ನಿಧಾನವಾಗಿ ಇಳಿಸುತ್ತಾರೆ. ಆ ಇಳಿಸುವ ತಿಂಗಳುಗಳಲ್ಲಿಯೂ ಅದೇ ಒಂಬತ್ತು ಪ್ರಶ್ನೆಗಳ ಹಾಳೆ ಬರುತ್ತದೆ. 4 ಇದ್ದದ್ದು 7, 9 ಎಂದು ಏರತೊಡಗಿದರೆ, ತಮ್ಮ ಇನ್ನೂ ‘ಆರಾಮ’ ಎನ್ನುತ್ತಿರುವಾಗಲೇ ನಮಗೆ ಗೊತ್ತಾಗುತ್ತದೆ.